ಎಂಟು ಸ್ಪೀಕರಿನ ಪೆಟ್ಟಿಗೆ

ಬೇಸ್ ಗಿಟಾರ್ ಪರೀಕ್ಷಿಸುವ ಕೋಣೆಗೆ ಕಿಟಕಿ ಇರಲಿಲ್ಲ. ಅಂಗಡಿಯ ಹಿಂಭಾಗದಲ್ಲಿ, ಪಿಯಾನೋಗಳ ಸಾಲು ದಾಟಿ ಮೂರು ಮೆಟ್ಟಿಲು ಇಳಿದರೆ ಸಿಗುವ ಕೋಣೆ ಅದು. ಗೋಡೆಗೆಲ್ಲ ಮೊಟ್ಟೆ ಜೋಡಿಸುವ ತಟ್ಟೆಯಂಥ ಉಬ್ಬುತಗ್ಗಿನ ಬೂದು ಸ್ಪಂಜು ಅಂಟಿಸಿದ್ದರು. ಬಾಗಿಲು ಗೇಣುದ್ದ ದಪ್ಪ. ಅದರ ನಡುವೆ ಪುಸ್ತಕದಗಲದ ಒಂದು ಗಾಜು. ಬಾಗಿಲು ಹಾಕಿದ ಕೂಡಲೇ ಬೀದಿಯ ಗದ್ದಲ, ಮುಂದಿನ ಹಾಲಿನಲ್ಲಿ ಯಾರೋ ಕುಟ್ಟುತ್ತಿದ್ದ ಡ್ರಮ್ಮು ಎಲ್ಲ ಕತ್ತರಿಸಿದ ಹಾಗೆ ನಿಂತು, ತನ್ನ ಉಸಿರು ತನಗೇ ದೊಡ್ಡದಾಗಿ ಕೇಳತೊಡಗುತ್ತಿತ್ತು. ಎ.ಸಿ. ಇತ್ತು. ಅದರ ಗುಂಯ್ ಸದ್ದಿಗೆ ಕಿವಿ ಮೋಸಹೋಗುತ್ತದೆಂದು ಅಂಗಡಿಯವರು ಅದನ್ನು ಆರಿಸಿಟ್ಟಿದ್ದರು.

ಆ ಕೋಣೆಯೊಳಗೆ ಗುಮ್ಮಿ ಬೆಳಿಗ್ಗೆ ಹನ್ನೊಂದರಿಂದ ಕೂತಿದ್ದಳು. ಈಗ ಮೂರೂವರೆ.

ಗುಮ್ಮಿ ಎಂಬುದು ಅವಳ ನಿಜವಾದ ಹೆಸರೇನಲ್ಲ. ಕೇಳಿದ್ದಕ್ಕೆ ಉತ್ತರ ಕೊಡದೆ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದ ಆರು ವರ್ಷದ ತಂಗಿಗೆ ಅಣ್ಣ ಇಟ್ಟ ಅಡ್ಡಹೆಸರು ಗುಮ್ಮನಗುಸುಕಿ. ಅದು ಬಾಯಿಗೆ ಉದ್ದವಾಗಿ ಗುಮ್ಮಿಯಾಯಿತು. ಡಿಗ್ರಿ ಮುಗಿದು ಎರಡು ವರ್ಷವಾದರೂ, ಮದುವೆ ಹಾಲುಗಳ ವೇದಿಕೆಯ ಮೇಲೆ ನೂರಾರು ಸಲ ನಿಂತಿದ್ದರೂ, ತಂಡದವರನ್ನು ಪರಿಚಯಿಸುವಾಗ ಅಣ್ಣ ಮೈಕಿನಲ್ಲಿ, "ಬೇಸ್ ಗಿಟಾರಿನಲ್ಲಿ ನಮ್ಮ ಗುಮ್ಮಿ!" ಎಂದೇ ಕೂಗುತ್ತಿದ್ದ. ಜನ ನಗುತ್ತಿದ್ದರು. ಅವಳೂ ತಲೆ ತಗ್ಗಿಸಿ ಒಂದಿಷ್ಟು ನಗುತ್ತಿದ್ದಳು.

ಅಪ್ಪ ಕಟ್ಟಿದ ತಂಡ ಅದು. ಕೀಬೋರ್ಡಿಗೆ ಅಪ್ಪ, ಗಿಟಾರಿಗೆ ಅಣ್ಣ, ಹಾಡುವುದಕ್ಕೆ ಅತ್ತಿಗೆ. ಡ್ರಮ್ಮಿಗೆ ಮಾತ್ರ ಹೊರಗಿನವನೊಬ್ಬ. ಹೋದ ವಾರ, ಹಾಡಿನ ನಟ್ಟನಡುವೆ, ಗುಮ್ಮಿಯ ಹಳೆಯ ಆಂಪ್ಲಿಫೈಯರು ಒಂದು ಸಲ ಕೆಮ್ಮಿ, ಸುಟ್ಟ ರಬ್ಬರಿನ ವಾಸನೆ ಬಿಟ್ಟು ಸತ್ತಿತು. ಬರುವ ಶನಿವಾರ ದೊಡ್ಡ ಹಾಲಿನ ಕಾರ್ಯಕ್ರಮ. ಹೀಗಾಗಿ ಇವತ್ತು ಮನೆಮಂದಿಯೆಲ್ಲ ಅಂಗಡಿಗೆ ದಂಡೆತ್ತಿ ಬಂದಿದ್ದರು.

"ಇದನ್ನ ತಗೊಂಡ್ಬಿಟ್ರೆ ಇನ್ನು ಹತ್ತು ವರ್ಷ ಈ ಕಡೆ ತಲೆ ಹಾಕೋ ಹಾಗಿಲ್ಲ," ಎಂದ ಅಣ್ಣ, ಎಂಟು ಸ್ಪೀಕರಿನ ಪೆಟ್ಟಿಗೆಯ ನೆತ್ತಿ ಸವರುತ್ತ. ಅದು ಅವನ ಎದೆಯೆತ್ತರಕ್ಕಿತ್ತು. ಬಟ್ಟೆಯ ಬೀರುವಿಗೆ ಚಕ್ರ ಕಟ್ಟಿದ ಹಾಗೆ. "ಏನಂತೀಯೇ ಗುಮ್ಮಿ? ನಿನಗೋಸ್ಕರನೇ ಇಷ್ಟೆಲ್ಲಾ."

ಹತ್ತು ವರ್ಷ ಎಂಬ ಮಾತು ಗೋಡೆಯ ಸ್ಪಂಜಿನೊಳಗೆ ಇಂಗದೆ ಅಲ್ಲೇ ನಿಂತಂತಿತ್ತು.

ಅಂಗಡಿಯವರು ಐವತ್ತು ದಾಟಿದ ಮನುಷ್ಯ. ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿದ್ದರು. ಬೆಳಿಗ್ಗೆಯಿಂದ ಅವರು ಒಂದೇ ಪ್ರಶ್ನೆಯನ್ನು ಸುತ್ತಿಸುತ್ತಿ ಕೇಳುತ್ತಿದ್ದರು.

"ಅಲ್ಲ ಸಾರ್, ಹಾಲಿನ ಸೌಂಡಿನವರು ಬೇಸನ್ನ ದೊಡ್ಡ ಸ್ಪೀಕರುಗಳಿಗೆ ಕೊಟ್ಟೇ ಕೊಡ್ತಾರೆ. ಮತ್ತೆ ಸ್ಟೇಜಿನ ಮೇಲೆ ಈ ರಾಕ್ಷಸ ಯಾಕೆ?"

"ಸ್ಟೇಜಿನ ಮೇಲೇ ಬೇಕು," ಎಂದ ಅಣ್ಣ.

"ಅದೇ ಯಾಕೆ ಅಂತ?"

"ನಮ್ಗೆ ಹಾಗೇ ರೂಢಿ."

"ಸಣ್ಣದೊಂದಿದೆ ನೋಡಿ, ಒಂದೇ ಸ್ಪೀಕರು, ಸ್ಕೂಲ್ ಬ್ಯಾಗಿನ ಥರ ಹೆಗಲಿಗೆ ಹಾಕ್ಕೊಂಡು ಹೋಗ್ಬಹುದು. ಈ ತಾಯಿಗೆ ಅದೇ ಸರಿ. ಇದನ್ನ ಎತ್ತೋಕೆ ನಾಲ್ಕು ಜನ ಪೈಲ್ವಾನರು ಬೇಕು."

"ಎತ್ತೋಕೆ ನಾವಿದ್ದೀವಲ್ಲ," ಎಂದು ಅಣ್ಣ ಮಾತು ಮುಗಿಸಿದ.

ನಿಜವಾದ ಕಾರಣ ಹೇಳುವ ಹಾಗಿರಲಿಲ್ಲ. ಮೂವತ್ತು ವರ್ಷ ಸ್ಪೀಕರುಗಳ ಬಾಯಿಗೆ ಎದೆ ಕೊಟ್ಟು ನಿಂತ ಅಪ್ಪನ ಕಿವಿಯಿಂದ ಮೇಲಿನ ಸ್ವರಗಳು ಒಂದೊಂದಾಗಿ ಉದುರಿಹೋಗಿದ್ದವು. ಮೊದಲು ಹೋದದ್ದು ಗಡಿಯಾರದ ಅಲಾರಂ. ಆಮೇಲೆ ಬಾಗಿಲಿನ ಗಂಟೆ. ಆಮೇಲೆ ಅತ್ತಿಗೆಯ ಹಾಡು, ಅಣ್ಣನ ಗಿಟಾರು. ಉಳಿದದ್ದು ಕೆಳಗಿನ ಸ್ವರಗಳು ಮಾತ್ರ. ಡ್ರಮ್ಮಿನ ದಪ್ಪ ಪೆಟ್ಟಿನಿಂದ ಅಪ್ಪನಿಗೆ ತಾಳ ತಿಳಿಯುತ್ತಿತ್ತು. ಹಾಡು ಎಲ್ಲಿಗೆ ಬಂದಿದೆ ಎಂಬುದು ತಿಳಿಯುತ್ತಿದ್ದುದು ಗುಮ್ಮಿಯ ಬೇಸಿನಿಂದ. ಕಿವಿಗೆ ಹಾಕುವ ಯಂತ್ರ ಮನೆಯಲ್ಲಿ ಪರವಾಗಿರಲಿಲ್ಲ. ವೇದಿಕೆಯ ಮೇಲೆ ಕೀರಲು ಸದ್ದು ಹೊರಡಿಸಿ ತಲೆ ಚಿಟ್ಟು ಹಿಡಿಸುತ್ತಿತ್ತು. ಸಾಲದ್ದಕ್ಕೆ ಜನ ನೋಡುತ್ತಾರೆ. ಕಿವಿ ಕೇಳದವರ ಸಂಗೀತಕ್ಕೆ ಯಾರು ಕರೆಯುತ್ತಾರೆ ಎಂದು ಅಣ್ಣನ ದಿಗಿಲು.

ಹಾಗೆಂದು ಅವನು ಬಾಯಿಬಿಟ್ಟು ಹೇಳಿದವನಲ್ಲ. ಆ ಮನೆಯಲ್ಲಿ ಕಿವಿ ಎಂಬ ಶಬ್ದವನ್ನೇ ಯಾರೂ ಎತ್ತುತ್ತಿರಲಿಲ್ಲ. ವೇದಿಕೆಯ ಮೇಲೆ ನುಡಿಸುವವರಿಗೆ ತಮ್ಮ ಸಂಗೀತ ತಮಗೆ ಕೇಳಲೆಂದು ಕಾಲ ಬಳಿ ಇಡುವ ಸ್ಪೀಕರಿಗೆ ಮಾನಿಟರ್ ಅನ್ನುತ್ತಾರೆ. ಅಪ್ಪ ಎಡವಿದ ದಿನ, "ಇವತ್ತು ಮಾನಿಟರ್ ಸರಿ ಇರ್ಲಿಲ್ಲ," ಎಂದು ಎಲ್ಲರೂ ಒಪ್ಪಿಕೊಳ್ಳುತ್ತಿದ್ದರು. ಊಟಕ್ಕೆ ಕೂಗಿದ್ದು ಕೇಳಿಸದಿದ್ದರೂ ಅಷ್ಟೇ. "ಮಾವನ ಮಾನಿಟರ್ ಯಾಕೋ ಸರಿ ಇಲ್ಲ," ಎನ್ನುತ್ತ ಅತ್ತಿಗೆ ಎದ್ದು ಹೋಗಿ ಭುಜ ಮುಟ್ಟಿ ಕರೆಯುತ್ತಿದ್ದಳು.

ಗುಮ್ಮಿ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಳು. ಪಲ್ಲವಿ ಮುಗಿದು ಚರಣಕ್ಕೆ ಹೋಗುವುದಕ್ಕೆ ಎರಡು ಏಟು ಮುಂಚೆ, ಅತಿ ದಪ್ಪ ತಂತಿಯ ಮೇಲೆ ಬೆರಳನ್ನು ಉದ್ದಕ್ಕೂ ಜಾರಿಸಿ ತಂದು, ಕೊನೆಯ ಸ್ವರವನ್ನು ಹಿಡಿದು ನಿಲ್ಲಿಸುತ್ತಿದ್ದಳು. ಕೇಳುವವರಿಗೆ ಅದೊಂದು ಒನಪು. ಅಪ್ಪನಿಗೆ ತಿರುವು ಬಂತೆಂಬ ಸೂಚನೆ. ಇದನ್ನು ಅವರಿಬ್ಬರೂ ಕೂತು ಮಾತಾಡಿಕೊಂಡದ್ದೇನಲ್ಲ. ನಾಲ್ಕು ವರ್ಷದ ಹಿಂದೆ ಒಂದು ದಿನ ಅವಳು ಬೆರಳು ಜಾರಿಸಿದಳು, ಅಪ್ಪ ಚರಣಕ್ಕೆ ತಿರುಗಿದರು, ಅದೇ ಪದ್ಧತಿಯಾಯಿತು. ಅವತ್ತಿನಿಂದ ಅವಳು ಒಂದು ಕಾರ್ಯಕ್ರಮವನ್ನೂ ತಪ್ಪಿಸುವ ಹಾಗಿರಲಿಲ್ಲ. ಜ್ವರ ಬಂದರೂ ಹೋದಳು. ಜೀವದ ಗೆಳತಿಯ ಮದುವೆಯ ದಿನ ಇನ್ಯಾರದೋ ಮದುವೆಯಲ್ಲಿ ನಿಂತು ನುಡಿಸಿದಳು.

ಇಂಥವಳ ಜೇಬಿನಲ್ಲಿ ಇವತ್ತು ಒಂದು ಸಂದೇಶ ಕೂತಿತ್ತು.

ಊರೂರು ತಿರುಗುವ ಒಂದು ನಾಟಕ ತಂಡ. ಎರಡು ವರ್ಷದ ತಿರುಗಾಟ, ಪ್ರತಿದಿನ ನಾಟಕ. ಸಂಗೀತದವರು ವೇದಿಕೆಯ ಕೆಳಗಿನ ಹಳ್ಳದಲ್ಲಿ, ಪುಟ್ಟ ದೀಪಗಳ ಮುಂದೆ ಕೂರುತ್ತಾರಂತೆ. ಪ್ರೇಕ್ಷಕರಿಗೆ ಅವರ ತಲೆಯೂ ಕಾಣುವುದಿಲ್ಲವಂತೆ. ಅದನ್ನು ಓದಿದಾಗಲೇ ಗುಮ್ಮಿಯ ಮನಸ್ಸು ಆ ಹಳ್ಳಕ್ಕೆ ಇಳಿದುಬಿಟ್ಟಿತ್ತು. ಯಾರಿಗೂ ಹೇಳದೆ ತಾನು ನುಡಿಸಿದ್ದನ್ನು ರೆಕಾರ್ಡ್ ಮಾಡಿ ಕಳಿಸಿದಳು. ಆಯ್ಕೆಯಾದಳು. ಒಪ್ಪಿಗೆಯ ಮಾತನ್ನು ಎರಡು ಸಲ ಮುಂದೂಡಿದಳು. ಇವತ್ತು ಬೆಳಿಗ್ಗೆ ತಂಡದ ಮ್ಯಾನೇಜರಮ್ಮ ಬರೆದಿದ್ದರು: ಸಂಜೆ ಐದರೊಳಗೆ ಹೌದೋ ಇಲ್ಲವೋ ಹೇಳಿಬಿಡಿ, ಇನ್ನೊಬ್ಬರು ಕಾಯುತ್ತಿದ್ದಾರೆ.

ಪೆಟ್ಟಿಗೆ ಮನೆಗೆ ಬರುವ ಮೊದಲು ಹೇಳಬೇಕು. ಬಂದಮೇಲೆ ಹೇಳುವ ಬಾಯಿ ತನಗಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಇದನ್ನ ಕೇಳಿ," ಎಂದು ಅಂಗಡಿಯವರು ನೆಲದ ಮೇಲೆ ಸೋಪಿನ ಪೆಟ್ಟಿಗೆಯಷ್ಟಗಲದ ನೀಲಿ ಪೆಡಲೊಂದನ್ನು ಇಟ್ಟು ತಂತಿ ಸಿಕ್ಕಿಸಿದರು. "ನೀವು ನುಡಿಸೋ ಸ್ವರದ ಕೆಳಗೆ ಇನ್ನೊಂದು ಸ್ಥಾಯಿ ಸೇರಿಸುತ್ತೆ. ಕೆಳಗೆ ಬೇಕು, ಕೆಳಗೆ ಬೇಕು ಅಂತೀರಲ್ಲ, ಇದಕ್ಕಿಂತ ಕೆಳಗೆ ಹೋದ್ರೆ ನೆಲಮಾಳಿಗೆನೇ."

ಗುಮ್ಮಿ ಕಾಲಿನಿಂದ ಒತ್ತಿ ನುಡಿಸಿದಳು. ಪೆಟ್ಟಿಗೆಯ ಮೇಲಿದ್ದ ನೀರಿನ ಲೋಟ ತಾನಾಗಿ ಸರಿಯಿತು. ಪಕ್ಕದಲ್ಲಿ, ಅಂಗಡಿಯ ಕೀಬೋರ್ಡಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದ ಅಪ್ಪ ಅಂಗೈಯನ್ನು ಪೆಟ್ಟಿಗೆಯ ಹಲಗೆಗೆ ಒತ್ತಿ ಕಣ್ಣು ಮುಚ್ಚಿದರು. ಅಣ್ಣ ಅಪ್ಪನ ಮುಖವನ್ನೇ ನೋಡುತ್ತಿದ್ದ.

"ಗುಡುಗಿದೆ. ಸ್ವರ ಇಲ್ಲ," ಎಂದರು ಅಪ್ಪ.

ಆಮೇಲೆ ಕಿತ್ತಳೆ ಬಣ್ಣದ್ದು ಬಂತು. ಬೇಸನ್ನು ಹರಿದ ಬಟ್ಟೆಯ ಹಾಗೆ ಗರಗರ ಮಾಡುವಂಥದು. ಗುಮ್ಮಿಗೆ ಅದು ಬಹಳ ಇಷ್ಟವಾಯಿತು. ಎದೆಯಲ್ಲಿದ್ದದ್ದನ್ನು ಬೇರೆ ಯಾರೋ ಕಿರುಚಿ ಹೇಳಿದ ಹಾಗಿತ್ತು. ಆದರೆ ಆ ಗರಗರವೆಲ್ಲ ಮೇಲಿನ ಸ್ವರಗಳದ್ದು. ಅಪ್ಪನ ಮುಖದಲ್ಲಿ ಏನೂ ಮೂಡಲಿಲ್ಲ. "ಮುಂಚಿನ ಹಾಗೇ ಇದೆಯಲ್ಲ?" ಎಂದರು. ಅಂಗಡಿಯವರು ಬಾಯಿ ತೆರೆದು, ಮತ್ತೆ ಮುಚ್ಚಿ, ಕನ್ನಡಕ ಒರೆಸಿಕೊಂಡರು. ಒಂದೇ ತಂತಿಯನ್ನು ಇಬ್ಬರು ಮೀಟಿದಂತೆ ನಡುಗಿಸುವ ಮತ್ತೊಂದು ಪೆಡಲಿಗೆ ಅಪ್ಪ, "ತಲೆ ತಿರುಗುತ್ತೆ," ಎಂದರು. ಕೊನೆಗೆ, ಮೆತ್ತಗೆ ಮೀಟಿದ್ದನ್ನೂ ಜೋರಾಗಿ ಮೀಟಿದ್ದನ್ನೂ ಒಂದೇ ಮಟ್ಟಕ್ಕೆ ತರುವ ಬೂದು ಪೆಡಲು. ಅದು ಹಾಕಿದಾಗ ಅಪ್ಪನ ತಲೆ ಮೊದಲ ಸಲ ಅಲ್ಲಾಡಿತು.

"ಇದು ಆಗುತ್ತೆ. ಒಂದೊಂದು ಸ್ವರಾನೂ ಬಂದು ಬಾಗಿಲು ತಟ್ಟುತ್ತೆ."

"ಹಾಗಾದ್ರೆ ಈ ಪೆಡಲು, ಆ ಪೆಟ್ಟಿಗೆ. ಮುಗೀತು," ಎಂದ ಅಣ್ಣ.

ಗುಮ್ಮಿ ಗಂಟಲು ಸರಿಮಾಡಿಕೊಂಡಳು. "ಅಣ್ಣ, ಒಂದು ಮಾತು..."

"ಬಣ್ಣ ಬೇರೆ ಬೇಕಾ? ಕಪ್ಪೇ ಇರಲಿ ಕಣೇ, ಕೊಳೆ ಕಾಣಲ್ಲ."

ಅವಳ ಮಾತು ಅಲ್ಲಿಗೇ ನಿಂತಿತು. ಸ್ಪಂಜಿನ ಗೋಡೆಗಳ ನಡುವೆ ಮೆತ್ತನೆಯ ಮಾತಿಗೆ ಕಾಲೇ ಇರುವುದಿಲ್ಲ. ಬಾಯಿಂದ ಎರಡಡಿ ಹೋಗಿ ಬಿದ್ದುಬಿಡುತ್ತದೆ.

ಅಂಗಡಿಯವರಿಗೆ ಇನ್ನೂ ಸಮಾಧಾನವಿರಲಿಲ್ಲ. "ತಾಯಿ, ನೀವೇ ನುಡಿಸ್ತಾ ಕೇಳಿದ್ರೆ ನಿಮ್ಮ ಕಿವಿ ನಿಮ್ಮ ಬೆರಳಿನ ಪಕ್ಷ ವಹಿಸುತ್ತೆ. ದೂರ ನಿಂತು ಕೇಳ್ಬೇಕು," ಎನ್ನುತ್ತ ಕೆಂಪು ಗುಂಡಿಯ ಇನ್ನೊಂದು ಪೆಡಲು ತಂದಿಟ್ಟರು. "ಇದು ಲೂಪರ್. ಒಂದ್ಸಲ ತುಳೀರಿ, ನುಡಿಸಿ, ಇನ್ನೊಂದ್ಸಲ ತುಳೀರಿ. ನೀವು ನುಡಿಸಿದ್ದನ್ನೇ ಅದು ಸುತ್ತುತ್ತಾ ಇರುತ್ತೆ. ನೀವು ಬೇಕಾದ್ರೆ ಹೊರಗೆ ಹೋಗಿ ಟೀ ಕುಡ್ಕೊಂಡು ಬನ್ನಿ. ಇದನ್ನ ಮಾರೋದಕ್ಕಲ್ಲ, ಕೇಳಿಸೋದಕ್ಕೆ ಇಟ್ಕೊಂಡಿದ್ದೀನಿ." ಆಮೇಲೆ ಅಣ್ಣನ ಕಡೆ ತಿರುಗಿದರು. "ಸಾರ್, ಅಷ್ಟರಲ್ಲಿ ನಿಮ್ಮ ವ್ಯಾನಿನ ಬಾಗಿಲು ಅಳೆದು ನೋಡೋಣ. ಈ ರಾಕ್ಷಸ ಒಳಗೆ ಹೋಗದೆ ಇದ್ರೆ ಆಮೇಲೆ ನನ್ನ ಬೈಬೇಡಿ."

ಇಬ್ಬರೂ ಅಳತೆ ಪಟ್ಟಿ ಹಿಡಿದು ಹೊರಟರು.

ಅಪ್ಪ ಕೀಬೋರ್ಡಿನ ಕಡೆ ತಿರುಗಿ, ಬಾಗಿಲಿಗೆ ಬೆನ್ನು ಮಾಡಿ ಕೂತರು. "ಅದೇ ಹಾಡು ಹಿಡಿಯಮ್ಮ," ಎಂದರು. ಯಾವ ಹಾಡು ಎಂದು ಕೇಳಬೇಕಾಗಿರಲಿಲ್ಲ. ತಂಡ ಕಟ್ಟಿದ ದಿನದಿಂದ ಅಪ್ಪ ಕೈ ಬಿಸಿಮಾಡಿಕೊಳ್ಳುವುದು ಒಂದೇ ಹಾಡಿನಿಂದ. ಗುಮ್ಮಿ ಪೆಡಲು ತುಳಿದು ಪಲ್ಲವಿಯನ್ನು ತಾಳದ ಎಂಟು ಆವರ್ತ ನುಡಿಸಿ ಮತ್ತೆ ತುಳಿದಳು. ಅವಳ ಬೆರಳು ನಿಂತಿತು, ಬೇಸು ನಿಲ್ಲಲಿಲ್ಲ. ಅಪ್ಪ ಎರಡನೆಯ ಸುತ್ತಿಗೆ ಸೇರಿಕೊಂಡರು. ತಲೆ ತೂಗುತ್ತಿತ್ತು.

ಅವಳು ಗಿಟಾರನ್ನು ಸ್ಟ್ಯಾಂಡಿಗೆ ಒರಗಿಸಿ, ಸದ್ದಿಲ್ಲದೆ ಬಾಗಿಲು ತೆರೆದು ಹೊರಗೆ ಬಂದಳು.

ಮೆಟ್ಟಿಲು ಹತ್ತಿದ ಮೇಲೆ ಫೋನಿಗೆ ಸಿಗ್ನಲ್ ಸಿಕ್ಕಿತು. ನಾಲ್ಕು ಮೂವತ್ತೆಂಟು. ಮುಂದಿನ ಹಾಲಿನಲ್ಲಿ ಅತ್ತಿಗೆ ಗಾಜಿನ ಕಪಾಟಿನ ಮೈಕುಗಳನ್ನು ಒಂದೊಂದಾಗಿ ತೆಗೆಸಿ ನೋಡುತ್ತಿದ್ದಳು. ರಸ್ತೆಯಲ್ಲಿ ಅಣ್ಣ ವ್ಯಾನಿನ ಹಿಂದೆ ಬಗ್ಗಿದ್ದ. ಅರ್ಧ ತೆರೆದ ಬಾಗಿಲಿಂದ ತನ್ನದೇ ಬೇಸು, ಅದರ ಮೇಲೆ ಅಪ್ಪನ ಕೀಬೋರ್ಡು ತೇಲಿಬರುತ್ತಿತ್ತು. ಒಂದು ಕೂದಲೆಳೆಯೂ ತಪ್ಪಿರಲಿಲ್ಲ. ತಾನು ಅಲ್ಲಿಲ್ಲವೆಂಬುದು ಅಪ್ಪನಿಗೆ ತಿಳಿದೇ ಇಲ್ಲ!

ಗುಮ್ಮಿಯ ಎದೆ ಹಗುರಾಯಿತು. ನಾಲ್ಕು ವರ್ಷದಿಂದ ತಾನು ಕಳಚಿದರೆ ಮನೆಯೇ ಕುಸಿಯುತ್ತದೆಂದುಕೊಂಡಿದ್ದ ಕಂಬದ ಜಾಗದಲ್ಲಿ ಈಗ ಸೋಪಿನ ಪೆಟ್ಟಿಗೆಯಷ್ಟು ಗಾತ್ರದ ಒಂದು ಯಂತ್ರ ನಿಂತಿತ್ತು, ಮನೆ ಗಟ್ಟಿಯಾಗಿತ್ತು. ಹಾಡಿಗೊಂದರಂತೆ ಎಲ್ಲವನ್ನೂ ತುಂಬಿಟ್ಟುಕೊಟ್ಟು ಹೋದರಾಯಿತಲ್ಲ! ಹೆಬ್ಬೆರಳಿನಿಂದ ಅವಳು "ಹೌದು" ಎಂದು ಬರೆದಳು. ಕಳಿಸುವ ಮೊದಲು ಹಾಡು ಪೂರ್ತಿಯಾಗಲಿ ಎಂದು ಒಂದು ಕ್ಷಣ ತಡೆದಳು.

ಹಾಡು ಪೂರ್ತಿಯಾಗಲಿಲ್ಲ.

ಪಲ್ಲವಿ ಮುಗಿಯಿತು, ಮತ್ತೆ ಪಲ್ಲವಿಯೇ ಬಂತು. ಮುಗಿಯಿತು, ಮತ್ತೆ ಅದೇ. ಅವಳು ತುಂಬಿಟ್ಟ ಎಂಟು ಆವರ್ತದಲ್ಲಿ ಬೆರಳು ಜಾರುವ ಸೂಚನೆ ಇರಲಿಲ್ಲ. ಸೂಚನೆ ಬಾರದೆ ಅಪ್ಪ ಚರಣಕ್ಕೆ ಹೋಗುವವರಲ್ಲ. ಐದು ಸಲವಾಯಿತು. ಆರು.

"ಏನಿದು, ಮಾವ ಪಲ್ಲವಿಯಲ್ಲೇ ಮನೆ ಮಾಡ್ಬಿಟ್ರಾ?" ಎಂದಳು ಅತ್ತಿಗೆ ಕಪಾಟಿನಿಂದ ತಲೆ ಎತ್ತದೆ. ಆಮೇಲೆ ಎತ್ತಿದಳು. "ಅಯ್ಯೋ, ನೀನಿಲ್ಲಿದ್ದೀಯ! ಮತ್ತೆ ಒಳಗೆ ಯಾರು ನುಡಿಸ್ತಿರೋದು?"

ಗುಮ್ಮಿ ಮೆಟ್ಟಿಲಿಳಿದು ಬಾಗಿಲ ಸಂದಿಯಿಂದ ನೋಡಿದಳು. ಅಪ್ಪನ ಬೆನ್ನು ಕಾಣುತ್ತಿತ್ತು, ಕೆನ್ನೆಯ ಒಂದು ಬದಿ ಕಾಣುತ್ತಿತ್ತು. ಪ್ರತಿ ಸುತ್ತಿನ ಕೊನೆಯಲ್ಲಿ ಅವರು ತಲೆಯನ್ನು ಪೆಟ್ಟಿಗೆಯ ಕಡೆ ಓರೆಮಾಡಿ, ಮುಂದಿನ ಸ್ವರಕ್ಕೆ ಬೆರಳನ್ನು ಎತ್ತಿ ಹಿಡಿಯುತ್ತಿದ್ದರು. ಬರಬೇಕಾದ್ದು ಬರುತ್ತಿರಲಿಲ್ಲ. ಎತ್ತಿದ ಬೆರಳು ಹಿಂದಕ್ಕೆ ಬಂದು ಮತ್ತೆ ಪಲ್ಲವಿಯನ್ನೇ ಹಿಡಿಯುತ್ತಿತ್ತು. ಕುತ್ತಿಗೆಯಲ್ಲಿ ಬೆವರಿಳಿಯುತ್ತಿತ್ತು. ತಿರುಗಿ ನೋಡಲು ಅವರಿಗೆ ಬಿಗುಮಾನ. ತಿರುಗಿದರೆ ಕೇಳಿಸಲಿಲ್ಲವೆಂದು ಒಪ್ಪಿಕೊಂಡ ಹಾಗೆ. ಮಗಳು ಇನ್ನೇನು ಕರೆದುಕೊಂಡು ಹೋಗುತ್ತಾಳೆ, ಇನ್ನೇನು ಹೋಗುತ್ತಾಳೆ ಎಂದು ಅವರು ಸುತ್ತುತ್ತಲೇ ಇದ್ದರು.

ಇಲ್ಲಿಯವರೆಗೆ ತಾನೊಬ್ಬಳೇ ಆ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದೇನೆಂದು ಅವಳು ಅಂದುಕೊಂಡಿದ್ದಳು.

ಒಳಗೆ ಹೋಗಿ ಪೆಡಲು ತುಳಿದಳು. ಬೇಸು ನಿಂತಿತು. ಇಲ್ಲದ ಮೆಟ್ಟಿಲಿಗೆ ಕಾಲಿಟ್ಟವರಂತೆ ಅಪ್ಪನ ಕೈ ಮುಗ್ಗರಿಸಿತು.

"ಯಾಕೆ ನಿಲ್ಲಿಸ್ದೆ?" ಎಂದು ತಿರುಗಿದವರು ಸ್ಟ್ಯಾಂಡಿಗೆ ಒರಗಿದ್ದ ಗಿಟಾರನ್ನು ನೋಡಿದರು. ಆಮೇಲೆ ಮಗಳ ಖಾಲಿ ಕೈ ನೋಡಿದರು. "ಆಗಿಂದ... ನೀನು ನುಡಿಸ್ತಾ ಇರ್ಲಿಲ್ವಾ?"

"ಇಲ್ಲಪ್ಪ," ಎಂದಳು ಗುಮ್ಮಿ.

"ಏನು?"

ಅಷ್ಟರಲ್ಲಿ ಅಣ್ಣನೂ ಅಂಗಡಿಯವರೂ ಬಾಗಿಲಿಗೆ ಬಂದರು, ಹಿಂದೆ ಅತ್ತಿಗೆ. "ವ್ಯಾನಿಗೆ ಹಿಡಿಸುತ್ತೆ, ಎರಡು ಬೆರಳು ಜಾಗ ಉಳಿಯುತ್ತೆ," ಎಂದು ಶುರುಮಾಡಿದ ಅಣ್ಣ ಅಪ್ಪನ ಮುಖ ನೋಡಿ ಮಾತು ತಿರುಗಿಸಿದ. "ಅಪ್ಪಂಗೆ ಸ್ವಲ್ಪ ಸುಸ್ತಾಗಿದೆ ಅಷ್ಟೆ. ಸೆಕೆ ನೋಡಿ ಇಲ್ಲಿ. ಇಲ್ಲಿನ ಮಾನಿಟರ್ ಸರಿ ಇಲ್ಲ."

"ಈ ರೂಮಲ್ಲಿ ಮಾನಿಟರೇ ಇಲ್ವಲ್ಲ ಸಾರ್," ಎಂದರು ಅಂಗಡಿಯವರು.

ಗುಮ್ಮಿಗೆ ಬಾಗಿಲ ಕಡೆ ಹೋಗಲು ದಾರಿ ಇರಲಿಲ್ಲ. ಒಂದು ಕಡೆ ಪೆಟ್ಟಿಗೆ, ಇನ್ನೊಂದು ಕಡೆ ಅಣ್ಣ. ಕಾಲಿನ ಸುತ್ತ ಪೆಡಲುಗಳ ತಂತಿ. ಏನೋ ಹೇಳಬೇಕೆಂದು ಅವಳು ಬಾಯಿ ತೆರೆದಳು. ಎಂದಿನ ದನಿ ಅಪ್ಪನಿಗೆ ಮುಟ್ಟುವುದಿಲ್ಲ. ಮುಟ್ಟುವ ದನಿಯಲ್ಲಿ ಅವಳು ಹುಟ್ಟಿದಾರಭ್ಯ ಮಾತಾಡಿರಲಿಲ್ಲ.

"ಅಪ್ಪನಿಗೆ ಕಿವಿ ಕೇಳಲ್ಲ!"

ಕೂಗಿದ್ದು ತಾನೇ ಎಂದು ಅವಳಿಗೆ ನಂಬಿಕೆ ಬರಲು ಒಂದು ಗಳಿಗೆ ಹಿಡಿಯಿತು. ನಿಲ್ಲಿಸಿದರೆ ಮತ್ತೆ ಶುರುಮಾಡಲಾಗದೆಂಬ ಹೆದರಿಕೆಗೆ ಅದೇ ಉಸಿರಿನಲ್ಲಿ ಮುಂದುವರಿಸಿದಳು. "ಕೇಳಲ್ಲ ಅಂತ ನಮಗೆಲ್ಲ ಗೊತ್ತು! ಅದಕ್ಕೇ ನಾನು ಎಲ್ಲಿಗೂ ಹೋಗೋ ಹಾಗಿಲ್ಲ! ನಾಟಕದವರು ಕರೆದಿದ್ದಾರೆ. ಎರಡು ವರ್ಷಕ್ಕೆ. ಐದು ಗಂಟೆಯೊಳಗೆ ಹೇಳ್ಬೇಕು. ನಾನು ಹೋಗ್ಬೇಕು ಅಪ್ಪ!"

"ಮೆತ್ತಗೆ ಮಾತಾಡೇ!" ಎಂದು ಅಣ್ಣ ಗದರಿದ.

"ಮೆತ್ತಗೆ ಮಾತಾಡಿದ್ರೆ ಅಪ್ಪಂಗೆ ಕೇಳಲ್ಲ ಅಣ್ಣ!"

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು; ನಗು ಬಂತೋ ಅಳು ಬಂತೋ ಅವಳಿಗೇ ಗೊತ್ತು.

ಅಪ್ಪನ ಮುಖ ಕೆಂಪೇರಿತ್ತು. "ನಂಗೆ ಹೇಳ್ಬಹುದಿತ್ತು," ಎಂದರು.

"ಹೇಳಿದ್ದೆ. ಎರಡು ಸಲ. ಅಡುಗೆಮನೇಲಿ, ನಿಮ್ಮ ಬೆನ್ನ ಹಿಂದೆ ನಿಂತ್ಕೊಂಡು."

"ಬೆನ್ನ ಹಿಂದೆ ಯಾಕೆ?"

"ಕೇಳಿಸ್ಬಾರ್ದು ಅಂತ."

ಅಂಗಡಿಯವರು ಕನ್ನಡಕವನ್ನು ಮೂಗಿಗೇರಿಸಿ, ಬೆಳಿಗ್ಗೆಯಿಂದ ಬಿಡಿಸಲಾಗದ ಗಂಟು ಬಿಚ್ಚಿದವರಂತೆ ದೊಡ್ಡ ಉಸಿರು ಬಿಟ್ಟರು.

"ಅಲ್ಲ ಯಜಮಾನ್ರೇ, ಇಷ್ಟೇನಾ? ಬೆಳಿಗ್ಗೆ ಬಾಗಿಲಲ್ಲೇ ಹೇಳಿದ್ರೆ ನಾನು ಹದಿನಾಲ್ಕು ಪೆಡಲು ಹೊತ್ಕೊಂಡು ಸಾಯ್ತಿದ್ನಾ? ನನ್ನ ಎಡಗಿವಿ ಹೋಗಿ ಆರು ವರ್ಷ ಆಯ್ತು. ಹೆಂಡ್ತಿ ಬೈಯೋವಾಗ ಆ ಕಡೆ ತಿರುಗಿ ಕೂತ್ಕೋತೀನಿ."

ಅವರು ಹೊರಗೆ ಹೋಗಿ, ಏಣಿ ಹಾಕಿ, ಮೇಲಿನ ಅಟ್ಟದಿಂದ ತೆಂಗಿನಕಾಯಿ ಗಾತ್ರದ ಒಂದು ಕಪ್ಪು ಗುಂಡನ್ನು ತಂದರು. ಡ್ರಮ್ಮಿನವರು ಕೂರುವ ಸ್ಟೂಲಿನ ಅಡಿಗೆ ಬಿಗಿಯುವ ವಸ್ತುವಂತೆ ಅದು. ಸದ್ದು ಮಾಡುವುದಿಲ್ಲ, ನಡುಗುತ್ತದೆ. ಬೇಸಿನ ಒಂದೊಂದು ಸ್ವರಕ್ಕೂ ಕೂತವರ ಬೆನ್ನುಮೂಳೆಗೆ ಒಂದೊಂದು ಏಟು. ಅದನ್ನು ಅಪ್ಪನ ಸ್ಟೂಲಿಗೆ ಬಿಗಿದರು. ರಾಕ್ಷಸನಿಂದ ತಂತಿ ಕಿತ್ತು, ಹೆಗಲಿಗೆ ಹಾಕಿಕೊಳ್ಳುವಂಥ ಸಣ್ಣ ಆಂಪಿಗೆ ಸಿಕ್ಕಿಸಿ, ಅದನ್ನು ಅಪ್ಪನ ಮೊಣಕಾಲ ಪಕ್ಕದಲ್ಲಿಟ್ಟರು. ಬೂದು ಪೆಡಲನ್ನು ಹಾಗೆಯೇ ಬಿಟ್ಟರು.

"ಏಟು ಬೆನ್ನಿಗೆ, ಸ್ವರ ಕಿವಿಗೆ," ಎಂದರು. "ತಾಯಿ, ನೀವು ನುಡಿಸ್ಬೇಡಿ. ನಾನು ನುಡಿಸ್ತೀನಿ. ನಾಳೆ ನುಡಿಸೋನು ಬೇರೆಯವನು ತಾನೇ?"

"ಬೇರೆಯವನು ಅಂದ್ರೆ ಅವನಿಗೆಲ್ಲ ಹೇಳ್ಬೇಕಾಗುತ್ತೆ," ಎಂದ ಅಣ್ಣ. ದನಿ ಒಣಗಿತ್ತು. "ಸಿಕ್ಸಿಕ್ಕಿದೋರಿಗೆಲ್ಲ ಡಂಗುರ ಹೊಡೀತಾ ಹೋಗೋಣ್ವಾ?"

"ಸಿಕ್ಸಿಕ್ಕಿದೋರಿಗೆ ಬೇಡ. ಬೇಸ್ ನುಡಿಸೋನಿಗೆ ಸಾಕು," ಎಂದರು ಅಪ್ಪ, ಮಗನನ್ನು ನೋಡದೆ. "ನಾನೇ ಹೇಳ್ತೀನಿ." ಆಮೇಲೆ ಅಂಗಡಿಯವರ ಕಡೆ ತಿರುಗಿ, ತೂಕದ ಸಾಮಾನು ಇಳಿಸುವಂತೆ ಒಂದೊಂದೇ ಮಾತು ಹೇಳಿದರು. "ನಂಗೆ ಮೇಲಿಂದು ಕೇಳಲ್ಲ. ಚರಣ ಯಾವಾಗ ಬರುತ್ತೆ ಅಂತ ಗೊತ್ತಾಗಲ್ಲ. ನೀವು ತೋರಿಸ್ಬೇಕು."

"ಹೇಗೆ ತೋರಿಸ್ಬೇಕು?"

ಅಪ್ಪ ಗುಮ್ಮಿಯನ್ನು ನೋಡಿದರು. ಅವಳು ಅಂಗಡಿಯವರ ಬೆರಳನ್ನು ದಪ್ಪ ತಂತಿಯ ಮೇಲಿಟ್ಟು, ಜಾರಿಸುವುದು ಹೇಗೆಂದು ತೋರಿಸಿದಳು. ಎರಡು ಏಟು ಮುಂಚೆ. ಕೊನೆಗೆ ಹಿಡಿದು ನಿಲ್ಲಿಸಬೇಕು. ಅಂಗಡಿಯವರು ಎರಡು ಸಲ ತಪ್ಪು ಮಾಡಿದರು. ಮೂರನೆಯ ಸಲ ಬೆರಳು ಸರಿಯಾಗಿ ಜಾರಿತು, ಸ್ಟೂಲು ನಡುಗಿತು, ಅಪ್ಪ ಬೆಚ್ಚಿದವರಂತೆ ನೆಟ್ಟಗಾಗಿ ಚರಣಕ್ಕೆ ತಿರುಗಿದರು.

ಐದು ನಿಮಿಷವೂ ಹಿಡಿಯಲಿಲ್ಲ. ಜಗತ್ತಿನಲ್ಲಿ ತನಗೊಬ್ಬಳಿಗೇ ಬರುವ ವಿದ್ಯೆ ಎಂದು ಗುಮ್ಮಿ ನಾಲ್ಕು ವರ್ಷ ಎದೆಗವಚಿಕೊಂಡಿದ್ದದ್ದು ಐದು ನಿಮಿಷದಲ್ಲಿ ಇನ್ನೊಬ್ಬರ ಬೆರಳಿಗೆ ಹತ್ತಿತು. ಅವಳಿಗೆ ಖುಷಿಯಾಗಬೇಕಿತ್ತು. ಆದರೆ ಜ್ವರದಲ್ಲಿ ನುಡಿಸಿದ ದಿನಗಳನ್ನು, ಗೆಳತಿಯ ಮದುವೆಯನ್ನು ಈಗ ಎಲ್ಲಿ ಇಡುವುದೆಂದು ಅವಳಿಗೆ ತಿಳಿಯಲಿಲ್ಲ. ಇಷ್ಟು ದಿನ ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಿತ್ತೋ, ಒಳಗಿನಿಂದಲೋ?

"ಶನಿವಾರ ಇರ್ತೀಯ ತಾನೇ?" ಎಂದ ಅಣ್ಣ, ಪೆಟ್ಟಿಗೆಗೆ ಒರಗಿಕೊಂಡು. ಅವನ ಸಿಟ್ಟು ಇಳಿದಿರಲಿಲ್ಲ. ಮುಖ ಮಾತ್ರ ದಾರಿ ತಪ್ಪಿದವನದಾಗಿತ್ತು.

"ಇರ್ತೀನಿ. ಅವರದು ಶುರುವಾಗೋದು ಮುಂದಿನ ತಿಂಗಳು."

"ಮುಂದಿನ ತಿಂಗಳು," ಎಂದು ಅವನು ಗೊಣಗಿದ. ದಾರಿ ಬಿಡಲೆಂದು ಸರಿದನೋ, ಸುಮ್ಮನೆ ಕಾಲು ಬದಲಿಸಿದನೋ, ಅಂತೂ ಸರಿದ.

ಐದಕ್ಕೆ ನಾಲ್ಕು ನಿಮಿಷವಿತ್ತು. ಗುಮ್ಮಿ ತಂತಿಗಳನ್ನು ದಾಟಿ, ಮೆಟ್ಟಿಲು ಹತ್ತಿ, ಪಿಯಾನೋಗಳ ನಡುವೆ ನಿಂತು ಮ್ಯಾನೇಜರಮ್ಮನಿಗೆ ಫೋನ್ ಮಾಡಿದಳು. ಸಂದೇಶ ಕಳಿಸಿದ್ದರೂ ಆಗುತ್ತಿತ್ತು. ಇವತ್ತು ಬಾಯಲ್ಲೇ ಹೇಳಬೇಕೆನ್ನಿಸಿತು.

"ನಾನು ಬರ್ತೀನಿ!"

ಹಾಲಿನಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು.

"ಅಯ್ಯಯ್ಯೋ, ಕೇಳಿಸ್ತಮ್ಮ, ಕೇಳಿಸ್ತು," ಎಂದರು ಆ ಕಡೆಯಿಂದ ಮ್ಯಾನೇಜರಮ್ಮ. "ರೆಕಾರ್ಡಿಂಗ್ ಜೊತೆ ಬರ್ದಿದ್ದ ಕಾಗದ ನೋಡಿ ನೀವು ತುಂಬಾ ಸಂಕೋಚದವರು ಅಂದ್ಕೊಂಡಿದ್ದೆ. ಯಾವತ್ತು ಬರ್ತೀರಿ?"

ಗುಮ್ಮಿ ತಾರೀಖು ಹೇಳಿದಳು. ಬಾಗಿಲು ತೆರೆದೇ ಇದ್ದ ಕೆಳಗಿನ ಕೋಣೆಯಲ್ಲಿ ಅಂಗಡಿಯವರ ಬೆರಳು ಈ ಸಲ ಅರ್ಧ ಏಟು ತಡವಾಗಿ ಜಾರಿತು. ಅಪ್ಪ ಚರಣ ತಪ್ಪಿಸಿಕೊಂಡು, "ಬೇಗ ಎಳೀರಿ ಸ್ವಾಮಿ, ನಾನು ಮುದುಕ, ಕಾಯ್ತಾ ಕೂರೋಕಾಗಲ್ಲ!" ಎಂದು ರೇಗಿದ್ದು ಕೇಳಿಸಿತು. ಅವಳ ಕೈ ತಾನಾಗಿ ತೊಡೆಯ ಮೇಲೆ ಆ ಸ್ವರವನ್ನು ಎಳೆಯಿತು. ಇಳಿದು ಹೋಗಿ ತಿದ್ದಬೇಕೆಂದು ಒಂದು ಹೆಜ್ಜೆ ಇಟ್ಟವಳು ಮೆಟ್ಟಿಲ ಮೇಲೆಯೇ ನಿಂತು, ಅವರು ಇನ್ನೊಂದು ಸಲ ನುಡಿಸಲೆಂದು ಕಾದಳು.